ಚೀನೀಮಣ್ಣು ಮತ್ತು ಯೂರೋಪಿನ ಪಿಂಗಾಣಿ: ಒಂದು ಕಾಲಾನುಕ್ರಮ ವಿಚಾರ

ಪಿಂಗಾಣಿಯನ್ನು ತಯಾರಿಸುವ ರಹಸ್ಯವು ಒಬ್ಬ ಕ್ರೈಸ್ತ ಪಾದ್ರಿಯ ಪತ್ರದ ಮೂಲಕ ಚೀನದಿಂದ ಯೂರೋಪಿಗೆ ಸಾಗಿಬಂದಿತೆಂಬ ಮಾತು ಸಾಮಾನ್ಯ ಚರಿತ್ರೆಗಳಲ್ಲಿ ಮೇಲಿಂದ ಮೇಲೆ ಕಾಣಬರುತ್ತದೆ. ಈ ಮಾತು ಕಾಲಾನುಕ್ರಮಕ್ಕೆ ಎಷ್ಟರಮಟ್ಟಿಗೆ ಒಪ್ಪುತ್ತದೆಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಮಣ್ಣಿನ ಸ್ವರೂಪವನ್ನು ಅರಿಯಬೇಕು. ಕೇಯೊಲಿನ್ ಅಥವಾ ಚೀನೀಮಣ್ಣು ಎಂಬ ಬಿಳಿಯ ಜೇಡಿಯು, ಗ್ರಾನೈಟ್ ಮೊದಲಾದ ಶಿಲೆಗಳಲ್ಲಿರುವ ಫೆಲ್ಡ್‌ಸ್ಪಾರ್ ಖನಿಜವು ಬಹುಕಾಲ ಶಿಥಿಲಗೊಂಡುದರ ಫಲ. ಶುದ್ಧವಾದ ಚೀನೀಮಣ್ಣು ಸುಟ್ಟರೂ ಬಿಳುಪುಗೆಡದು; ಆವಿಗೆಯ ಉರಿಗೆ ಕರಗದು. ಆದರೆ ಅದೊಂದರಿಂದಲೇ ಪಿಂಗಾಣಿಯಾಗದು. ಸುಮಾರು 1300 ಡಿಗ್ರಿ ಸೆಂಟಿಗ್ರೇಡ್ ಉಷ್ಣದಲ್ಲಿ ತಾನು ಕರಗಿ, ಮಣ್ಣಿನ ಕಣಗಳನ್ನು ಗಾಜಿನಂತೆ ಬೆಸೆಯುವ ಮತ್ತೊಂದು ವಸ್ತು ಅದರೊಡನೆ ಕೂಡಬೇಕು. ಆದುದರಿಂದ ಪಿಂಗಾಣಿಯ ಮರ್ಮವಿರುವುದು ಮಣ್ಣಿನಲ್ಲಿ ಮಾತ್ರವಲ್ಲ, ಈ ಎರಡರ ಕೂಟದಲ್ಲಿ.

ಚೀನದ ಜಿಯಾಂಗ್‌ಶಿ ಪ್ರಾಂತದ ಜಿಂಗ್‌ದೆಜನ್ ಪಟ್ಟಣದ ಕುಂಬಾರರಿಗೆ ಈ ಕೂಟವು ಬಹುಕಾಲದಿಂದ ತಿಳಿದಿತ್ತು. ಆ ಪಟ್ಟಣದ ಸಮೀಪದ ಗಾವೊಲಿಂಗ್, ಎಂದರೆ 'ಎತ್ತರದ ದಿಣ್ಣೆ', ಎಂಬ ಬೆಟ್ಟದಿಂದಲೇ ಕೇಯೊಲಿನ್ ಎಂಬ ಹೆಸರು ಹುಟ್ಟಿತು. ಅಲ್ಲಿ ಧರ್ಮಪ್ರಚಾರದಲ್ಲಿ ತೊಡಗಿದ್ದ ಫ್ರೆಂಚ್ ಜೆಸುಯಿಟ್ ಪಾದ್ರಿ ದಾಂತ್ರಕೋಲನು 1712ರ ಸೆಪ್ಟೆಂಬರ್ 1ರಂದು ಒಂದು ದೀರ್ಘ ಪತ್ರವನ್ನೂ, 1722ರಲ್ಲಿ ಮತ್ತೊಂದನ್ನೂ ಬರೆದನು. ಕ್ರೈಸ್ತಮತವನ್ನು ಸ್ವೀಕರಿಸಿದ್ದ ಕುಂಬಾರರಿಂದಲೂ ಚೀನೀ ಗ್ರಂಥಗಳಿಂದಲೂ ಆತನು ವಿಷಯವನ್ನು ಸಂಗ್ರಹಿಸಿದನು. ಕಲ್ಲನ್ನು ಕುಟ್ಟಿ ಪುಡಿಮಾಡಿ, ನೀರಿನಲ್ಲಿ ಕದಡಿ, ನುಣ್ಣನೆಯ ಕೆಸರನ್ನು ಬೇರ್ಪಡಿಸಿ ಬಿಳಿಯ ಇಟ್ಟಿಗೆಗಳಾಗಿ ಅಚ್ಚುಹಾಕುವ ಕ್ರಮವನ್ನು ಅವನು ವಿವರಿಸಿದ್ದಾನೆ. ಚೀನೀಮಣ್ಣನ್ನು ಪಿಂಗಾಣಿಯ ಎಲುಬಿಗೂ ಶಿಲೆಯ ಪುಡಿಯನ್ನು ಮಾಂಸಕ್ಕೂ ಹೋಲಿಸುವುದು ಅಲ್ಲಿನ ವಾಡಿಕೆ. ಶಿಲೆಯ ಇಟ್ಟಿಗೆಗಳನ್ನಷ್ಟೇ ಕೊಂಡೊಯ್ದ ಪರದೇಶೀಯರು ಎಲುಬಿಲ್ಲದೆ ದೇಹವನ್ನು ಕಟ್ಟಹೊರಟರೆಂದು ಅಲ್ಲಿಯವರು ನಗುತ್ತಿದ್ದುದನ್ನೂ ಪಾದ್ರಿಯು ದಾಖಲಿಸಿದ್ದಾನೆ.

ಆದರೆ ಈ ಪತ್ರವು ಬರೆಯಲ್ಪಡುವ ಮೊದಲೇ ಜರ್ಮನಿಯ ಸ್ಯಾಕ್ಸನಿಯಲ್ಲಿ ಪಿಂಗಾಣಿ ಸಿದ್ಧವಾಗಿತ್ತು. ಚಿನ್ನ ಮಾಡುವೆನೆಂದು ಹೇಳಿಕೊಂಡು ಬಲಿಷ್ಠ ಆಗಸ್ಟಸ್ ದೊರೆಯ ಸೆರೆಗೆ ಸಿಕ್ಕಿದ ರಸವಾದಿ ಬ್ಯೋಟ್ಗರನೂ, ವಿಜ್ಞಾನಿಯಾದ ಚಿರ್ನ್‌ಹೌಸನೂ ನಾನಾ ಮಣ್ಣುಗಳನ್ನು ತೀವ್ರವಾದ ಉಷ್ಣಕ್ಕೊಡ್ಡಿ ಪರೀಕ್ಷಿಸುತ್ತಿದ್ದರು. ಚಿರ್ನ್‌ಹೌಸನು 1708ರಲ್ಲಿ ತೀರಿಕೊಂಡನು. 1709ರಲ್ಲಿ ಬ್ಯೋಟ್ಗರನು ತನ್ನ ಸಾಧನೆಯನ್ನು ದೊರೆಗೆ ಅರಿಕೆಮಾಡಿದನು. 1710ರಲ್ಲಿ ಮೈಸೆನ್ ಕಾರ್ಖಾನೆ ಸ್ಥಾಪನೆಗೊಂಡಿತು. ದಾಂತ್ರಕೋಲನ ಮೊದಲ ಪತ್ರ ಅಚ್ಚಾದುದು 1717ರಲ್ಲಿ. ಆದುದರಿಂದ ಮೈಸೆನ್ನಿನ ಪಿಂಗಾಣಿಗೆ ಈ ಪತ್ರವು ಮೂಲವೆನ್ನುವುದು ಸಾಧ್ಯವೇ ಇಲ್ಲ.

ಹಾಗಾದರೆ ಪತ್ರವು ನಿಷ್ಫಲವಾಯಿತೇ? ಇಂಗ್ಲೆಂಡಿನ ನಿದರ್ಶನವು ಇಲ್ಲವೆನ್ನುತ್ತದೆ. 1735ರಲ್ಲಿ ಪ್ಯಾರಿಸಿನಲ್ಲಿ ಪ್ರಕಟವಾದ ದ್ಯು ಹಾಲ್ಡನ ಚೀನವರ್ಣನೆಯಲ್ಲಿ ಈ ವಿಷಯವು ಸೇರಿತು. ಪ್ಲಿಮತ್ ನಗರದ ಔಷಧ ವ್ಯಾಪಾರಿ ವಿಲಿಯಂ ಕುಕ್‌ವರ್ದಿಯು ದ್ಯು ಹಾಲ್ಡನ ಗ್ರಂಥವನ್ನು ಓದಿ, ಸುಮಾರು 1746ರಲ್ಲಿ ಕಾರ್ನ್‌ವಾಲಿನ ಟ್ರೆಗಾನಿಂಗ್ ಗುಡ್ಡದಲ್ಲಿ ಅದೇ ಬಗೆಯ ಮಣ್ಣನ್ನು ಗುರುತಿಸಿದನು. ಇಲ್ಲಿ ಒಂದಂಶವು ಗಮನಾರ್ಹ. ಅಲ್ಲಿಯ ತವರದ ಗಣಿಗಾರರು ತಮ್ಮ ಕುಲುಮೆಗಳನ್ನು ದುರಸ್ತಿಮಾಡಲು ಆ ಮಣ್ಣನ್ನು ಮೊದಲೇ ಬಳಸುತ್ತಿದ್ದರು. ಅದು ಬೆಂಕಿಯನ್ನು ತಾಳುವುದೆಂಬ ಅರಿವು ಅವರಿಗಿತ್ತು. ಅದಕ್ಕೆ ಜೊತೆಗೂಡಬೇಕಾದ ಶಿಲೆ ಯಾವುದೆಂಬ ಅರಿವು ಪುಸ್ತಕದಿಂದ ಬಂದಿತು. ಎರಡೂ ಕೂಡಿದ ಮೇಲೂ ಕುಕ್‌ವರ್ದಿಗೆ ಪೇಟೆಂಟ್ ದೊರೆತುದು 1768ರಲ್ಲಿ. ಓದಿನಿಂದ ಆವಿಗೆಯವರೆಗಿನ ದಾರಿ ಇಪ್ಪತ್ತು ವರ್ಷಗಳಿಗೂ ಮಿಕ್ಕಿ ಹಿಡಿಯಿತು.

ಈ ಪೇಟೆಂಟು ಮುಂದೆ ಬ್ರಿಸ್ಟಲಿನ ರಿಚರ್ಡ್ ಚಾಂಪಿಯನ್ನನ ಕೈಸೇರಿತು. 1775ರಲ್ಲಿ ಅದರ ಅವಧಿಯ ವಿಸ್ತರಣೆಯನ್ನು ಆತನು ಬೇಡಿದಾಗ, ಜೋಸಯ್ಯ ವೆಜ್‌ವುಡ್ಡನ ನೇತೃತ್ವದಲ್ಲಿ ಸ್ಟಾಫರ್ಡ್‌ಷೈರಿನ ಕುಂಬಾರರು ಪ್ರತಿಭಟಿಸಿದರು. ಪಾರ್ಲಿಮೆಂಟು ಪಾರದರ್ಶಕ ಪಿಂಗಾಣಿಯ ಹಕ್ಕನ್ನು ಚಾಂಪಿಯನ್ನನಿಗೇ ಉಳಿಸಿ, ಇತರ ಪಾತ್ರೆಗಳಿಗೆ ಆ ಮಣ್ಣನ್ನೂ ಶಿಲೆಯನ್ನೂ ಬಳಸುವ ಸ್ವಾತಂತ್ರ್ಯವನ್ನು ಎಲ್ಲರಿಗೂ ಕೊಟ್ಟಿತು. ಜಿಂಗ್‌ದೆಜನ್ನಿನ ಕುಂಬಾರರಿಂದ ಹೊರಟ ಅರಿವಿನ ಒಡೆತನವು ಲಂಡನ್ನಿನಲ್ಲಿ ಇತ್ಯರ್ಥವಾದಾಗ ಆ ಕುಂಬಾರರ ಹೆಸರನ್ನು ಹೇಳುವವರು ಯಾರೂ ಇರಲಿಲ್ಲ.

ಮೇಲಣ ಸಂಗತಿಗಳಿಂದ ನಾವು ತಳೆಯುವ ನಿರ್ಣಯ ಇಷ್ಟು: 'ಕದ್ದ ರಹಸ್ಯ' ಎಂಬ ಕಥೆಯು ಮೈಸೆನ್ನಿನ ಪ್ರಯೋಗಶೀಲರಿಗೂ ನ್ಯಾಯ ಸಲ್ಲಿಸದು, ಚೀನದ ಕುಂಬಾರರಿಗೂ ಸಲ್ಲಿಸದು. ಸ್ಯಾಕ್ಸನಿಯವರು ಸ್ವಪ್ರಯತ್ನದಿಂದ ದಾರಿಯನ್ನು ಕಂಡುಕೊಂಡುದು ನಿಜ. ಆದರೆ ಅಂತಹುದೊಂದು ವಸ್ತು ಸಾಧ್ಯವೆಂಬ ಭರವಸೆಯನ್ನು ಅವರಿಗೆ ಕೊಟ್ಟುದು ಚೀನದಿಂದ ಬಂದ ಪಾತ್ರೆಗಳೇ. ಯೂರೋಪಿಗೆ ಮಣ್ಣಿನ ಕೊರತೆಯಿರಲಿಲ್ಲ. ಕಾಲಡಿಯ ಮಣ್ಣನ್ನು ಗುರುತಿಸುವ ಕಣ್ಣಿನ ಕೊರತೆಯಿತ್ತು. ಕೈಗಾರಿಕೆಗಳ ಚರಿತ್ರೆಯನ್ನು ಬರೆಯುವವರು ದೊರೆಗಳ ಅಪ್ಪಣೆಗಳನ್ನೂ ಪೇಟೆಂಟುಗಳನ್ನೂ ಎಷ್ಟು ಆದರದಿಂದ ಪರಿಶೀಲಿಸುವರೋ, ಕುಲುಮೆಗೆ ಮಣ್ಣು ಮೆತ್ತಿದ ಗಣಿಗಾರನ ಅರಿವನ್ನೂ ಅಷ್ಟೇ ಆದರದಿಂದ ಪರಿಶೀಲಿಸುವುದು ಉಚಿತವೆಂದು ನಮ್ಮ ಭಾವನೆ.