ಎಬೋಲಾವನ್ನು ಮೂರೇ ತಿಂಗಳಲ್ಲಿ ಗೆದ್ದ ನೈಜೀರಿಯಾಗೆ ಮಲೇರಿಯಾ, ಲಸ್ಸಾ ಜ್ವರ ಏಕೆ ಮಣಿಯುತ್ತಿಲ್ಲ?

2014ರ ಜುಲೈ 20. ಎಬೋಲಾ ಹಾವಳಿಯಲ್ಲಿ ತತ್ತರಿಸಿದ್ದ ಲೈಬೀರಿಯಾದಿಂದ ಬಂದ ಪ್ಯಾಟ್ರಿಕ್ ಸಾಯರ್ ಎಂಬ ಪ್ರಯಾಣಿಕ ನೈಜೀರಿಯಾದ ಲಾಗೋಸ್ ವಿಮಾನ ನಿಲ್ದಾಣದಲ್ಲಿ ಕುಸಿದು ಬಿದ್ದರು. ಸರ್ಕಾರಿ ಆಸ್ಪತ್ರೆಗಳ ವೈದ್ಯರು ಆಗ ಮುಷ್ಕರದಲ್ಲಿದ್ದರು. ಹಾಗಾಗಿ ಅವರನ್ನು ಖಾಸಗಿ ಆಸ್ಪತ್ರೆಗೆ ಸೇರಿಸಲಾಯಿತು. ಮೊದಲು ಮಲೇರಿಯಾ ಇರಬೇಕೆಂದೇ ಚಿಕಿತ್ಸೆ ಶುರುವಾಯಿತು. ಅಲ್ಲಿನ ಹಿರಿಯ ವೈದ್ಯೆ ಡಾ. ಅಮೆಯೊ ಸ್ಟೆಲ್ಲಾ ಅಡಡೆವೊ ಅವರಿಗೆ ಮಾತ್ರ ಅನುಮಾನ ಬಂತು. ರೋಗಿಯನ್ನು ಬಿಟ್ಟುಕೊಡಿ ಎಂದು ಒತ್ತಡ ಬಂದರೂ ಅವರು ಜಗ್ಗಲಿಲ್ಲ. ಪರೀಕ್ಷೆಯಲ್ಲಿ ಎಬೋಲಾ ದೃಢಪಟ್ಟಿತು. ಸಾಯರ್ ಜುಲೈ 25ರಂದು ತೀರಿಕೊಂಡರು. ಅದೇ ಸೋಂಕು ತಗುಲಿ ಅಡಡೆವೊ ಕೂಡ ಆಗಸ್ಟ್ 19ರಂದು ಕೊನೆಯುಸಿರೆಳೆದರು.

ಜನದಟ್ಟಣೆಯ ಲಾಗೋಸ್‌ನಲ್ಲಿ ಎಬೋಲಾ ಹಬ್ಬಿದರೆ ಏನು ಗತಿ ಎಂದು ಇಡೀ ಜಗತ್ತು ಗಾಬರಿಯಾಗಿತ್ತು. ಹಾಗಾಗಲಿಲ್ಲ. ಪೋಲಿಯೊ ನಿರ್ಮೂಲನೆಗೆಂದು ಕಟ್ಟಿದ್ದ ತುರ್ತು ಕಾರ್ಯಾಚರಣೆ ವ್ಯವಸ್ಥೆಯನ್ನೇ ಸರ್ಕಾರ ಎಬೋಲಾ ಕಡೆಗೆ ತಿರುಗಿಸಿತು. ಸೋಂಕಿತರ ಸಂಪರ್ಕಕ್ಕೆ ಬಂದಿದ್ದ ಸುಮಾರು 900 ಮಂದಿಯನ್ನು ಪತ್ತೆ ಹಚ್ಚಿ, 21 ದಿನಗಳ ಕಾಲ ನಿಗಾ ಇಡಲಾಯಿತು. ಇದಕ್ಕಾಗಿ ಸಿಬ್ಬಂದಿ ಸುಮಾರು 18,500 ಬಾರಿ ಮನೆ ಭೇಟಿ ಮಾಡಿದರು. ಸೋಂಕು ತಗುಲಿದ್ದು 20 ಮಂದಿಗೆ, ಸತ್ತವರು 8. ಅಕ್ಟೋಬರ್ 20ರಂದು ವಿಶ್ವ ಆರೋಗ್ಯ ಸಂಸ್ಥೆ ನೈಜೀರಿಯಾವನ್ನು ಎಬೋಲಾ ಮುಕ್ತ ಎಂದು ಘೋಷಿಸಿತು.

ಇಷ್ಟು ಚುರುಕಾಗಿ ಕೆಲಸ ಮಾಡಬಲ್ಲ ದೇಶದಲ್ಲೇ ಜಗತ್ತಿನ ಮಲೇರಿಯಾ ಸಾವುಗಳ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಸಂಭವಿಸುತ್ತದೆ. ಹಠಾತ್ ಎರಗಿದ ರೋಗವನ್ನು ಓಡಿಸಿದವರಿಗೆ ಮನೆಯೊಳಗೇ ಬೀಡುಬಿಟ್ಟ ರೋಗಗಳನ್ನು ಓಡಿಸಲು ಆಗುತ್ತಿಲ್ಲ.

ಜ್ವರ ಎಂದರೆ ಮಲೇರಿಯಾ

2023ರಲ್ಲಿ ಜಗತ್ತಿನಾದ್ಯಂತ ಮಲೇರಿಯಾಗೆ ಬಲಿಯಾದವರು ಸುಮಾರು 5.97 ಲಕ್ಷ ಮಂದಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಇದರಲ್ಲಿ ನೈಜೀರಿಯಾದ ಪಾಲು ಸುಮಾರು ಶೇ. 31. ಸತ್ತವರಲ್ಲಿ ಹೆಚ್ಚಿನವರು ಐದು ವರ್ಷದೊಳಗಿನ ಮಕ್ಕಳು. ದೇಶದ ಜನಸಂಖ್ಯೆ 22 ಕೋಟಿಗೂ ಹೆಚ್ಚಿರುವುದು ಇದಕ್ಕೆ ಒಂದು ಕಾರಣ. ಇನ್ನೊಂದು ಕಾರಣ ಸೊಳ್ಳೆಯ ಜಾತಿ. ಅಲ್ಲಿನ ಅನಾಫಿಲಿಸ್ ಗ್ಯಾಂಬಿಯೆ ಸೊಳ್ಳೆ ದನಕರುಗಳಿಗಿಂತ ಮನುಷ್ಯನ ರಕ್ತವನ್ನೇ ಹೆಚ್ಚು ಹುಡುಕುತ್ತದೆ. ಅದು ಹರಡುವ ಫಾಲ್ಸಿಪಾರಂ ಪರಾವಲಂಬಿಯೂ ಮಲೇರಿಯಾದಲ್ಲೇ ಅತಿ ಮಾರಕವಾದದ್ದು.

ಮಲೇರಿಯಾ ಅಲ್ಲಿ ಎಷ್ಟು ಹಳೆಯದು ಎಂಬುದಕ್ಕೆ ಜನರ ರಕ್ತವೇ ಸಾಕ್ಷಿ. ನೈಜೀರಿಯನ್ನರಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರು ಸಿಕಲ್ ಸೆಲ್ ವಂಶವಾಹಿಯ ಒಂದು ಪ್ರತಿ ಹೊತ್ತಿದ್ದಾರೆ. ಒಂದೇ ಪ್ರತಿ ಇದ್ದರೆ ತೀವ್ರ ಮಲೇರಿಯಾದಿಂದ ರಕ್ಷಣೆ ಸಿಗುತ್ತದೆ. ತಂದೆ, ತಾಯಿ ಇಬ್ಬರಿಂದಲೂ ಬಂದರೆ ಮಗುವಿಗೆ ಜೀವನಪೂರ್ತಿ ನೋವಿನ ಕಾಯಿಲೆ. ಹಾಗಾಗಿ ನಮ್ಮಲ್ಲಿ ಜಾತಕ ಕೇಳುವಂತೆ ಅಲ್ಲಿ ಮದುವೆಗೆ ಮುನ್ನ ‘ಜೀನೋಟೈಪ್ ಏನು?’ ಎಂದು ಕೇಳುತ್ತಾರೆ. ಎಷ್ಟೋ ಚರ್ಚ್‌ಗಳಲ್ಲಿ ರಕ್ತ ಪರೀಕ್ಷೆಯ ವರದಿ ತೋರಿಸದಿದ್ದರೆ ಮದುವೆ ಮಾಡಿಸುವುದಿಲ್ಲ.

ಕೀಟನಾಶಕ ಲೇಪಿಸಿದ ಸೊಳ್ಳೆ ಪರದೆಗಳನ್ನು ಸರ್ಕಾರ ದೊಡ್ಡ ಸಂಖ್ಯೆಯಲ್ಲಿ ಹಂಚಿದೆ. ಉತ್ತರದ ಒಣ ರಾಜ್ಯಗಳಲ್ಲಿ ಮಳೆಗಾಲದ ತಿಂಗಳುಗಳಲ್ಲಿ ಚಿಕ್ಕ ಮಕ್ಕಳಿಗೆ ಮನೆ ಮನೆಗೆ ಹೋಗಿ ತಿಂಗಳಿಗೊಮ್ಮೆ ಮುನ್ನೆಚ್ಚರಿಕೆಯ ಮಾತ್ರೆ ಕೊಡುತ್ತಾರೆ. ತೊಡಕು ಇರುವುದು ಜ್ವರ ಬಂದ ಮೇಲೆ. ಹೆಚ್ಚಿನವರು ಮೊದಲು ಹೋಗುವುದು ಬೀದಿ ಬದಿಯ ಔಷಧ ಅಂಗಡಿಗೆ. ಪರೀಕ್ಷೆ ಇಲ್ಲದೆಯೇ ಮಲೇರಿಯಾ ಮಾತ್ರೆ ಸಿಗುತ್ತದೆ. ಅಲ್ಲಿ ಜ್ವರಕ್ಕೆ ಇನ್ನೊಂದು ಹೆಸರೇ ಮಲೇರಿಯಾ ಎಂಬಂತಾಗಿದೆ. ಈ ನಂಬಿಕೆಯ ಮರೆಯಲ್ಲೇ ಮತ್ತೊಂದು ರೋಗ ಅಡಗಿ ಕೂರುತ್ತದೆ.

ಹಳ್ಳಿಯ ಹೆಸರು ಹೊತ್ತ ಜ್ವರ

1969ರಲ್ಲಿ ಈಶಾನ್ಯ ನೈಜೀರಿಯಾದ ಬೋರ್ನೊ ಪ್ರಾಂತ್ಯದ ಲಸ್ಸಾ ಎಂಬ ಹಳ್ಳಿಯಲ್ಲಿ ಸೇವೆಯಲ್ಲಿದ್ದ ಮಿಷನರಿ ನರ್ಸ್ ಒಬ್ಬರು ಗುರುತು ಸಿಗದ ಜ್ವರದಿಂದ ಸತ್ತರು. ಅವರನ್ನು ಜೋಸ್ ನಗರದ ಆಸ್ಪತ್ರೆಯಲ್ಲಿ ಆರೈಕೆ ಮಾಡಿದ ನರ್ಸ್ ಕೂಡ ಸತ್ತರು. ಸೋಂಕು ತಗುಲಿದ ಮೂರನೇ ನರ್ಸ್‌ನ್ನು ನ್ಯೂಯಾರ್ಕ್‌ಗೆ ಕರೆದೊಯ್ಯಲಾಯಿತು, ಅವರು ಬದುಕುಳಿದರು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಹೊಸ ವೈರಸ್ ಪತ್ತೆಯಾಯಿತು. ಅದಕ್ಕೆ ಆ ಹಳ್ಳಿಯ ಹೆಸರೇ ಬಂತು.

ಇದು ಇಲಿಯಿಂದ ಬರುವ ರೋಗ. ಆದರೆ ನಮ್ಮಲ್ಲಿ ‘ಇಲಿ ಜ್ವರ’ ಎಂದು ಕರೆಯುವ ಲೆಪ್ಟೊಸ್ಪೈರೋಸಿಸ್ ಅಲ್ಲ. ಅದು ಬ್ಯಾಕ್ಟೀರಿಯಾದಿಂದ ಬರುವಂಥದ್ದು, ಇದು ವೈರಸ್. ಮ್ಯಾಸ್ಟೊಮಿಸ್ ಎಂಬ ಜಾತಿಯ ಇಲಿಯ ಮಲಮೂತ್ರ ತಗುಲಿದ ಆಹಾರ, ಪಾತ್ರೆಗಳ ಮೂಲಕ ಲಸ್ಸಾ ಮನುಷ್ಯರಿಗೆ ಬರುತ್ತದೆ. ನಂತರ ರೋಗಿಯ ರಕ್ತ, ದೇಹದ್ರವದ ಮೂಲಕ ಮನೆಯವರಿಗೆ, ಆಸ್ಪತ್ರೆ ಸಿಬ್ಬಂದಿಗೆ ಹರಡಬಹುದು.

ಸೋಂಕಿತರಲ್ಲಿ ಸುಮಾರು ಶೇ. 80 ಮಂದಿಗೆ ರೋಗ ಗೊತ್ತೇ ಆಗದಷ್ಟು ಸೌಮ್ಯವಾಗಿರುತ್ತದೆ. ಉಳಿದವರಿಗೆ ಜ್ವರ, ಗಂಟಲು ನೋವು, ವಾಂತಿ, ಕೊನೆಗೆ ರಕ್ತಸ್ರಾವ. ಗರ್ಭಿಣಿಯರಿಗೆ, ಅದರಲ್ಲೂ ಕೊನೆಯ ಮೂರು ತಿಂಗಳಲ್ಲಿ, ಇದು ಅತ್ಯಂತ ಅಪಾಯಕಾರಿ. ಬದುಕುಳಿದವರಲ್ಲಿ ಹಲವರಿಗೆ ಕಿವಿ ಕೇಳಿಸದಂತಾಗುತ್ತದೆ. ಇತ್ತೀಚಿನ ವರ್ಷಗಳಲ್ಲಿ ನೈಜೀರಿಯಾದಲ್ಲಿ ವರ್ಷಕ್ಕೆ ಸಾವಿರಕ್ಕೂ ಹೆಚ್ಚು ಪ್ರಕರಣಗಳು ದೃಢಪಡುತ್ತಿವೆ, 200ರ ಆಸುಪಾಸಿನಲ್ಲಿ ಸಾವುಗಳಾಗುತ್ತಿವೆ. ಓಂಡೊ, ಎಡೊ, ಬೌಚಿ, ತರಾಬಾ ರಾಜ್ಯಗಳಲ್ಲಿ ಕಾಟ ಹೆಚ್ಚು. ರಿಬಾವಿರಿನ್ ಔಷಧವನ್ನು ಬೇಗ ಶುರು ಮಾಡಿದರೆ ಉಪಯೋಗ ಎನ್ನುತ್ತಾರೆ. ಆದರೆ ರೋಗಿ ಮಲೇರಿಯಾ ಮಾತ್ರೆ ನುಂಗುತ್ತಾ ಅಮೂಲ್ಯ ದಿನಗಳನ್ನು ಕಳೆದಿರುತ್ತಾನೆ.

ತಡೆಗಟ್ಟುವ ಉಪಾಯಗಳು ಕೇಳಲು ತೀರಾ ಸರಳ: ಧಾನ್ಯವನ್ನು ಮುಚ್ಚಳದ ಡಬ್ಬಿಯಲ್ಲಿಡಿ, ಮನೆಯ ಬಿಲಗಳನ್ನು ಮುಚ್ಚಿ, ಕಸವನ್ನು ದೂರ ಹಾಕಿ, ಸಾಧ್ಯವಾದರೆ ಬೆಕ್ಕು ಸಾಕಿ. ಬೇಸಿಗೆಯಲ್ಲಿ ಪೊದೆಗೆ ಬೆಂಕಿ ಹಚ್ಚಬೇಡಿ ಎಂಬ ಸಲಹೆಯೂ ಇದೆ, ಬೆಂಕಿಗೆ ಹೆದರಿದ ಇಲಿಗಳು ಓಡಿ ಬರುವುದು ಮನೆಗಳಿಗೇ. ಇನ್ನೊಂದು ಸಲಹೆ, ರಸ್ತೆ ಬದಿಯಲ್ಲಿ ಆಹಾರ ಒಣಹಾಕಬೇಡಿ ಎಂಬುದು. ಮರಗೆಣಸನ್ನು ತುರಿದು, ಹುಳಿ ಬರಿಸಿ, ಹುರಿದು ಮಾಡುವ ‘ಗರ್ರಿ’ ಅಲ್ಲಿನವರಿಗೆ ನಮ್ಮ ಅನ್ನ ಇದ್ದ ಹಾಗೆ. ಮರಗೆಣಸಿನ ಚೂರುಗಳನ್ನು ಡಾಂಬರು ರಸ್ತೆಯ ಅಂಚಿನಲ್ಲಿ ಹರಡಿ ಒಣಗಿಸುವುದು ಹಳ್ಳಿಗಳ ರೂಢಿ. ಬೇರೆ ಕಣವಿಲ್ಲದ ರೈತ ಮಹಿಳೆಗೆ ‘ಅಲ್ಲಿ ಒಣಹಾಕಬೇಡಿ’ ಎಂದರೆ ಅವಳು ಎಲ್ಲಿ ಒಣಹಾಕಬೇಕು? ಈ ಪ್ರಶ್ನೆಗೆ ಪ್ರಚಾರದ ಪೋಸ್ಟರ್‌ಗಳಲ್ಲಿ ಉತ್ತರ ಸಿಗುವುದಿಲ್ಲ. ಎಬೋಲಾದಲ್ಲಿ 21 ದಿನ ನಿಗಾ ಇಟ್ಟರೆ ಮುಗಿಯಿತು. ಇಲಿಯ ಮೇಲೆ ವರ್ಷವಿಡೀ ನಿಗಾ ಇಡುವವರು ಯಾರು?

ಲಸಿಕೆಗಿಂತ ಮೊದಲು ನಂಬಿಕೆ

1996ರಲ್ಲಿ ನೈಜೀರಿಯಾದಲ್ಲಿ ಮೆನಿಂಜೈಟಿಸ್, ಅಂದರೆ ಮಿದುಳು ಪೊರೆಯ ಉರಿಯೂತ, ಲಕ್ಷಕ್ಕೂ ಹೆಚ್ಚು ಮಂದಿಗೆ ತಗುಲಿ 11 ಸಾವಿರಕ್ಕೂ ಹೆಚ್ಚು ಜನ ಸತ್ತರು. ಆ ಹೊತ್ತಿನಲ್ಲಿ ಕಾನೊ ನಗರದಲ್ಲಿ ಅಮೆರಿಕದ ಔಷಧ ಕಂಪನಿಯೊಂದು ಮಕ್ಕಳ ಮೇಲೆ ಹೊಸ ಔಷಧದ ಪ್ರಯೋಗ ನಡೆಸಿತು. ಅದರಲ್ಲಿ 11 ಮಕ್ಕಳು ತೀರಿಕೊಂಡರು. ವರ್ಷಗಟ್ಟಲೆ ಕೋರ್ಟ್ ವ್ಯಾಜ್ಯ ನಡೆಯಿತು. 2003ರಲ್ಲಿ ‘ಪೋಲಿಯೊ ಹನಿ ಹಾಕಿಸಿದರೆ ಮಕ್ಕಳಾಗುವುದಿಲ್ಲ’ ಎಂಬ ವದಂತಿ ಹಬ್ಬಿದಾಗ ಕಾನೊ ಸೇರಿದಂತೆ ಉತ್ತರದ ಕೆಲವು ರಾಜ್ಯಗಳು ಲಸಿಕೆಯನ್ನೇ ನಿಲ್ಲಿಸಿದವು. ವದಂತಿ ಸುಳ್ಳಾಗಿತ್ತು, ಅದು ಬೇರೂರಿದ ನೆಲ ಮಾತ್ರ ಸುಳ್ಳಾಗಿರಲಿಲ್ಲ. ನೈಜೀರಿಯಾದಿಂದ ಪೋಲಿಯೊ ಹಲವು ದೇಶಗಳಿಗೆ ಮತ್ತೆ ಹಬ್ಬಿತು. ಕೊನೆಗೆ ಮುಸ್ಲಿಂ ಬಹುಸಂಖ್ಯಾತ ಇಂಡೋನೇಷ್ಯಾದಲ್ಲಿ ತಯಾರಾದ ಲಸಿಕೆ ತರಿಸಿ ಕಾನೊವನ್ನು ಒಪ್ಪಿಸಬೇಕಾಯಿತು. 2013ರಲ್ಲಿ ಅದೇ ಕಾನೊದಲ್ಲಿ ಲಸಿಕೆ ಹಾಕಲು ಹೊರಟಿದ್ದ ಕಾರ್ಯಕರ್ತೆಯರನ್ನು ಬಂದೂಕುಧಾರಿಗಳು ಕೊಂದರು. ಇಷ್ಟಾದರೂ ಕೆಲಸ ನಿಲ್ಲಲಿಲ್ಲ. ಸಾಂಪ್ರದಾಯಿಕ ದೊರೆಗಳೂ ಧಾರ್ಮಿಕ ಮುಖಂಡರೂ ಮುಂದೆ ನಿಂತು ಮನವೊಲಿಸಿದರು. 2020ರ ಆಗಸ್ಟ್ 25ರಂದು ಇಡೀ ಆಫ್ರಿಕಾ ವಲಯ ನೈಸರ್ಗಿಕ ಪೋಲಿಯೊ ವೈರಸ್‌ನಿಂದ ಮುಕ್ತವಾಯಿತು. ಬಾಯಿ ಹನಿಯಲ್ಲಿನ ದುರ್ಬಲ ವೈರಸ್ಸೇ ಲಸಿಕೆ ಕಡಿಮೆ ಇರುವ ಕಡೆ ರೂಪ ಬದಲಿಸಿ ಹರಡುವ ಕಾಟ ಇನ್ನೂ ಇದೆ.

ಉತ್ತರ ಕರ್ನಾಟಕದ ಹಿರಿಯರಿಗೆ ‘ನಾರು ಹುಣ್ಣು’ ನೆನಪಿರಬಹುದು. ಕಾಲಿನಿಂದ ದಾರದಂಥ ಹುಳು ಹೊರಬರುವ ಆ ಕಾಯಿಲೆ 1980ರ ದಶಕದ ಕೊನೆಯಲ್ಲಿ ನೈಜೀರಿಯಾದಲ್ಲಿ ಆರು ಲಕ್ಷಕ್ಕೂ ಹೆಚ್ಚು ಜನರಿಗಿತ್ತು. ಅದಕ್ಕೆ ಲಸಿಕೆಯೂ ಇಲ್ಲ, ಔಷಧವೂ ಇಲ್ಲ. ನೀರು ಸೋಸಿ ಕುಡಿಯುವುದನ್ನು ಊರೂರಿಗೆ ಕಲಿಸಿಯೇ ಅದನ್ನು ಓಡಿಸಿದರು. 2013ರಲ್ಲಿ ದೇಶಕ್ಕೆ ನಾರು ಹುಣ್ಣು ಮುಕ್ತ ಪ್ರಮಾಣಪತ್ರ ಸಿಕ್ಕಿತು. ದಿನನಿತ್ಯದ ಅಭ್ಯಾಸ ಬದಲಿಸುವುದು ಅಲ್ಲಿ ಅಸಾಧ್ಯವೇನಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕಿಲ್ಲ.

ಪುಣೆಯ ಲಸಿಕೆಗಳು

ಪುಣೆಯಲ್ಲಿರುವ ಕನ್ನಡಿಗರಿಗೆ ಈ ಕಥೆ ತೀರಾ ದೂರದ್ದೇನಲ್ಲ. ಸಹಾರಾದಿಂದ ಹರ್ಮಟ್ಟಾನ್ ಎಂಬ ಒಣ ಗಾಳಿ ದೂಳು ಹೊತ್ತು ಬೀಸುವ ತಿಂಗಳುಗಳಲ್ಲೇ ಮೆನಿಂಜೈಟಿಸ್ ಏಳುತ್ತದೆ. ಅದರ ‘ಎ’ ಬಗೆಯ ವಿರುದ್ಧ ಆಫ್ರಿಕಾಕ್ಕೆಂದೇ ಅಗ್ಗದ ಲಸಿಕೆ ತಯಾರಿಸಿದ್ದು ಪುಣೆಯ ಸೀರಂ ಇನ್‌ಸ್ಟಿಟ್ಯೂಟ್. 2010ರಿಂದ ಅದನ್ನು ಕೊಡಲು ಶುರು ಮಾಡಿದ ಮೇಲೆ ‘ಎ’ ಬಗೆ ಬಹುತೇಕ ಮಾಯವಾಯಿತು. ಆ ಜಾಗಕ್ಕೆ ‘ಸಿ’ ಬಗೆ ಬಂದು, 2017ರಲ್ಲಿ ಜಂಫಾರಾ ಸುತ್ತಮುತ್ತ ಸಾವಿರಕ್ಕೂ ಹೆಚ್ಚು ಜೀವ ತೆಗೆಯಿತು. ಈಗ ಐದು ಬಗೆಗಳಿಗೆ ಒಂದೇ ಚುಚ್ಚುಮದ್ದು ಬಂದಿದೆ. ಅದೂ ಪುಣೆಯದ್ದೇ. 2024ರ ಏಪ್ರಿಲ್‌ನಲ್ಲಿ ಅದನ್ನು ಜಗತ್ತಿನಲ್ಲೇ ಮೊದಲು ಬಳಸಿದ ದೇಶ ನೈಜೀರಿಯಾ.

ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ರೂಪಿಸಿ, ಸೀರಂ ತಯಾರಿಸುವ ಆರ್21 ಮಲೇರಿಯಾ ಲಸಿಕೆಯನ್ನೂ ನೈಜೀರಿಯಾ 2024ರ ಡಿಸೆಂಬರ್‌ನಲ್ಲಿ ಕೆಬ್ಬಿ, ಬಯೆಲ್ಸಾ ರಾಜ್ಯಗಳಿಂದ ಆರಂಭಿಸಿತು. ಇದಕ್ಕೆ ನಾಲ್ಕು ಡೋಸ್ ಬೇಕು. ಒಂದು ಭಾನುವಾರ ಹನಿ ಹಾಕಿ ಮುಗಿಸುವ ಕೆಲಸ ಇದಲ್ಲ, ತಾಯಿ ಮಗುವನ್ನು ನಾಲ್ಕು ಸಲ ಆರೋಗ್ಯ ಕೇಂದ್ರಕ್ಕೆ ಕರೆತರಬೇಕು. ಕೇಂದ್ರದಲ್ಲಿ ಆ ದಿನ ನರ್ಸ್ ಇರಬೇಕು, ಫ್ರಿಡ್ಜ್‌ಗೆ ಕರೆಂಟ್ ಇರಬೇಕು.

ಹಣ, ವೈದ್ಯರು ಎರಡಕ್ಕೂ ಬರ

2001ರಲ್ಲಿ ಆಫ್ರಿಕಾದ ನಾಯಕರು ಬಜೆಟ್‌ನ ಶೇ. 15 ಆರೋಗ್ಯಕ್ಕೆ ಮೀಸಲಿಡುವುದಾಗಿ ಮಾತು ಕೊಟ್ಟದ್ದು ನೈಜೀರಿಯಾದ ರಾಜಧಾನಿ ಅಬುಜಾದಲ್ಲೇ. ಆತಿಥೇಯ ದೇಶ ಆ ಗುರಿಯ ಹತ್ತಿರಕ್ಕೂ ಬಂದಿಲ್ಲ. ಆರೋಗ್ಯ ವೆಚ್ಚದ ಶೇ. 70ಕ್ಕೂ ಹೆಚ್ಚು ಭಾಗ ಜನರ ಜೇಬಿನಿಂದಲೇ ಹೋಗುತ್ತದೆ. ಔಷಧ ಅಂಗಡಿಯ ಮಾತ್ರೆ ಆಸ್ಪತ್ರೆಗಿಂತ ಹತ್ತಿರವಾಗುವುದು ಇದೇ ಕಾರಣಕ್ಕೆ. ತರಬೇತಾದ ವೈದ್ಯರು, ನರ್ಸ್‌ಗಳು ಬ್ರಿಟನ್ ಮುಂತಾದ ಕಡೆ ಹೊರಡುತ್ತಿದ್ದಾರೆ. ದೇಶ ಬಿಟ್ಟು ಹೋಗುವುದಕ್ಕೆ ಯೊರುಬಾ ಭಾಷೆಯ ‘ಜಪಾ’ ಎಂಬ ಪದವೇ ಈಗ ಮನೆಮಾತು. 2011ರಲ್ಲಿ ಸ್ಥಾಪನೆಯಾದ ರೋಗ ನಿಯಂತ್ರಣ ಕೇಂದ್ರ ನಿಯಮಿತವಾಗಿ ಲಸ್ಸಾ ಅಂಕಿಅಂಶ ಪ್ರಕಟಿಸುತ್ತದೆ, ಈ ವಿಷಯದಲ್ಲಿ ಅದು ಮೆಚ್ಚುವಂಥ ಕೆಲಸ ಮಾಡುತ್ತಿದೆ. ಆದರೆ ಎಣಿಸಿದ ರೋಗಿಯನ್ನು ನೋಡಿಕೊಳ್ಳಲು ಹಳ್ಳಿಯಲ್ಲಿ ಕೈ ಬೇಕಲ್ಲ.

ನೀವು ಹೋಗುವುದಾದರೆ

ಕೆಲಸಕ್ಕೋ ವ್ಯಾಪಾರಕ್ಕೋ ಲಾಗೋಸ್‌ಗೆ ಹೋಗುವ ಭಾರತೀಯರು ಪ್ರಯಾಣಕ್ಕೆ ಕನಿಷ್ಠ 10 ದಿನ ಮೊದಲು ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡು ಪ್ರಮಾಣಪತ್ರ ಇಟ್ಟುಕೊಳ್ಳಬೇಕು. ಅದಿಲ್ಲದೆ ಅಲ್ಲಿಂದ ಮರಳಿದರೆ ನಮ್ಮ ವಿಮಾನ ನಿಲ್ದಾಣದಲ್ಲೇ 6 ದಿನದವರೆಗೆ ಪ್ರತ್ಯೇಕವಾಗಿ ಇರಿಸುವ ನಿಯಮವಿದೆ. ಮಲೇರಿಯಾ ತಡೆ ಮಾತ್ರೆಯನ್ನು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಿ. ಊರಿಗೆ ಬಂದ ಮೂರು ವಾರದೊಳಗೆ ಜ್ವರ ಬಂದರೆ, ಎಲ್ಲಿಂದ ಬಂದಿರಿ ಎಂಬುದನ್ನು ವೈದ್ಯರು ಕೇಳುವ ಮೊದಲೇ ಹೇಳಿ.