ಮಸ್ಕಿ ಮೀನು ಮತ್ತು ಮುಳುಗಿದ ಊರು

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಉತ್ತರ ಭಾಗದಲ್ಲಿ ಹೇವರ್ಡ್ ಎಂಬ ಪುಟ್ಟ ಪಟ್ಟಣವಿದೆ. ಅಲ್ಲಿನ ಸಿಹಿನೀರು ಮೀನುಗಾರಿಕೆಯ ಮ್ಯೂಸಿಯಂನಲ್ಲಿ ಫೈಬರ್‌ಗ್ಲಾಸಿನ ದೈತ್ಯ ಮೀನೊಂದು ಬಾಯಿ ತೆರೆದು ನಿಂತಿದೆ. ಜನ ಮೆಟ್ಟಿಲು ಹತ್ತಿ ಹೋಗಿ ಅದರ ದವಡೆಯೊಳಗೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಆ ಮೀನಿನ ಹೆಸರು ಮಸ್ಕಿ, ಪೂರ್ತಿ ಹೇಳಿದರೆ ಮಸ್ಕೆಲಂಜ್. 1955ರಿಂದ ಅದು ವಿಸ್ಕಾನ್ಸಿನ್‌ನ ರಾಜ್ಯಮೀನು. ಈ ಹೆಸರಿನ ಮೂಲ ಅಲ್ಲಿನ ಮೂಲನಿವಾಸಿಗಳಾದ ಓಜಿಬ್ವೆ ಜನರ ‘ಮಾಶ್ಕಿನೋಜೆ’ ಎಂಬ ಪದ. ದೊಡ್ಡ ಪೈಕ್ ಮೀನು, ವಿಕಾರ ರೂಪದ ಪೈಕ್ ಮೀನು ಎಂದೆಲ್ಲ ಅದಕ್ಕೆ ಅರ್ಥ ಹೇಳುತ್ತಾರೆ. ಮೀನಿನ ಹೆಸರೇನೋ ಓಜಿಬ್ವೆಗಳದ್ದಾಗಿಯೇ ಉಳಿಯಿತು. ಮೀನಿರುವ ನೀರಿನ ಕತೆ ಬೇರೆ.

ಮಸ್ಕಿ ಸುಲಭಕ್ಕೆ ಸಿಗುವ ಮೀನಲ್ಲ. ಹತ್ತು ಸಾವಿರ ಸಲ ಗಾಳ ಎಸೆದರೆ ಒಂದು ಸಿಕ್ಕೀತು ಎಂಬ ಮಾತೇ ಚಾಲ್ತಿಯಲ್ಲಿದೆ. ಅದು ಬೇಟೆಯನ್ನು ಬೆನ್ನಟ್ಟಿ ಸುತ್ತುವುದಕ್ಕಿಂತ ಹೊಂಚು ಹಾಕಿ ಕಾಯುವುದೇ ಹೆಚ್ಚು. ಹಾಗಾಗಿ ಅದನ್ನು ಹುಡುಕಬೇಕಾದದ್ದು ಮರೆ ಇರುವಲ್ಲಿ: ನೀರುಕಳೆಯ ಅಂಚಿನಲ್ಲಿ, ಮುಳುಗಿದ ಮರದ ಬೊಡ್ಡೆಗಳ ನಡುವೆ, ಆಳವಿಲ್ಲದ ದಿಬ್ಬ ಥಟ್ಟನೆ ಆಳಕ್ಕೆ ಇಳಿಯುವ ಜಾಗದಲ್ಲಿ. ವಸಂತದಲ್ಲಿ ಮೊಟ್ಟೆಯಿಡಲು ಆಳವಿಲ್ಲದ ಕೊಲ್ಲಿಗಳಿಗೆ ಬರುತ್ತದೆ, ಬೇಸಿಗೆಯಲ್ಲಿ ಕಳೆಯ ಆಸುಪಾಸಿನಲ್ಲಿರುತ್ತದೆ, ಚಳಿ ಏರುತ್ತಿದ್ದಂತೆ ಆಳದ ಅಂಚಿಗೆ ಸರಿಯುತ್ತದೆ. ಎಷ್ಟೋ ಸಲ ಗಾಳದ ಹಿಂದೆಯೇ ದೋಣಿಯವರೆಗೂ ಬಂದು, ಒಮ್ಮೆ ನೋಡಿ, ಹಾಗೇ ಹೊರಟುಹೋಗುತ್ತದೆ. ಅನುಭವಿಗಳು ಆ ಕೊನೆಯ ಗಳಿಗೆಯಲ್ಲಿ ಗಾಳವನ್ನು ಮೇಲೆತ್ತದೆ ದೋಣಿಯ ಪಕ್ಕದಲ್ಲೇ ಎಂಟರ ಆಕಾರದಲ್ಲಿ ಆಡಿಸುತ್ತಾರೆ.

ಇಂಥ ಮರೆಗಳೆಲ್ಲ ಹೇರಳವಾಗಿರುವ ಜಾಗವೆಂದು ಹೆಸರಾದದ್ದು ಹೇವರ್ಡ್ ಸಮೀಪದ ಚಿಪ್ಪೆವಾ ಫ್ಲೋಯೇಜ್. ಸುಮಾರು 15,000 ಎಕರೆ ನೀರು, ನೂರಾರು ದ್ವೀಪಗಳು, ತೇಲುವ ಜೌಗು ತುಂಡುಗಳು. 1949ರ ಅಕ್ಟೋಬರ್ 20ರಂದು ಲೂಯಿ ಸ್ಪ್ರೇ ಇಲ್ಲಿ 69 ಪೌಂಡ್ 11 ಔನ್ಸ್ ತೂಕದ ಮಸ್ಕಿ ಹಿಡಿದರು. ಹೇವರ್ಡ್‌ನ ಮ್ಯೂಸಿಯಂ ಅದನ್ನೇ ವಿಶ್ವದಾಖಲೆ ಎನ್ನುತ್ತದೆ. ಅಂತರರಾಷ್ಟ್ರೀಯ ಗಾಳಮೀನುಗಾರಿಕೆ ಸಂಸ್ಥೆ ಮಾತ್ರ ಅದೇ ವರ್ಷದ ಜುಲೈನಲ್ಲಿ ಪಕ್ಕದ ಲಕ್ ಕೂಟರೇ ಸರೋವರದಲ್ಲಿ ಕ್ಯಾಲ್ ಜಾನ್ಸನ್ ಹಿಡಿದ 67 ಪೌಂಡ್ 8 ಔನ್ಸ್ ಮೀನನ್ನು ಮಾನ್ಯ ಮಾಡಿದೆ. ಯಾರ ಮೀನು ದೊಡ್ಡದು ಎಂಬ ಜಗಳ ದಶಕಗಳಿಂದ ನಡೆದಿದೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಜಗಳವಲ್ಲ, ಆ ಬೊಡ್ಡೆಗಳು. ನೀರಿನೊಳಗೆ ಮರದ ಬೊಡ್ಡೆಗಳಿವೆ ಎಂದರೆ ಒಂದು ಕಾಲಕ್ಕೆ ಅಲ್ಲಿ ನೆಲವಿತ್ತು ಎಂದರ್ಥ. ಚಿಪ್ಪೆವಾ ಫ್ಲೋಯೇಜ್ ಸಹಜ ಸರೋವರವಲ್ಲ, ಹಿನ್ನೀರು. 1921ರಲ್ಲಿ ಕೇಂದ್ರ ಸರ್ಕಾರದ ವಿದ್ಯುತ್ ಆಯೋಗ ಒಂದು ಖಾಸಗಿ ವಿದ್ಯುತ್ ಕಂಪನಿಗೆ 50 ವರ್ಷಗಳ ಪರವಾನಗಿ ಕೊಟ್ಟಿತು. ಲಕ್ ಕೂಟರೇ ಓಜಿಬ್ವೆಗಳು ಮೊದಲಿಂದಲೂ ಬೇಡ ಎಂದಿದ್ದರು. ಅವರ ಮೀಸಲು ಪ್ರದೇಶ 1854ರ ಒಪ್ಪಂದದಿಂದ ಬಂದದ್ದು. 1923ರಲ್ಲಿ ವಿಂಟರ್ ಅಣೆಕಟ್ಟು ಮುಗಿದು ನೀರು ಏರಿತು. ಪಾಕ್ವಾವಾಂಗ್ ಎಂಬ ಅವರ ಊರು ಮುಳುಗಡೆಯಾಯಿತು. ‘ಮನೂಮಿನ್’ ಎಂದು ಅವರು ಕರೆಯುವ, ಬದುಕಿಗೂ ಆಚರಣೆಗೂ ಬೇಕಾದ ಕಾಡುಭತ್ತ ಬೆಳೆಯುತ್ತಿದ್ದ ಜಾಗಗಳು ನೀರಿನಡಿ ಹೋದವು. ಗೋರಿಗಳನ್ನು ಸ್ಥಳಾಂತರಿಸುವ ಮಾತು ಕೊಡಲಾಗಿತ್ತು; ಎಷ್ಟೋ ಗೋರಿಗಳು ಅಲ್ಲೇ ಉಳಿದವು.

ಮುಂದೆ ಅದೇ ನೀರಿನ ದಡದಲ್ಲಿ ರೆಸಾರ್ಟುಗಳು ಎದ್ದವು, ಪ್ರವಾಸಿಗರು ಬಂದರು, ದಾಖಲೆಯ ಮೀನುಗಳು ಸಿಕ್ಕವು. 1971ರಲ್ಲಿ ಪರವಾನಗಿಯ ಅವಧಿ ಮುಗಿಯುವ ಹೊತ್ತಿಗೆ ಓಜಿಬ್ವೆಗಳು ಅಮೆರಿಕನ್ ಇಂಡಿಯನ್ ಮೂವ್‌ಮೆಂಟ್‌ನ ಕಾರ್ಯಕರ್ತರೊಂದಿಗೆ ಸೇರಿ ಅಣೆಕಟ್ಟನ್ನೇ ಹಿಡಿದು ಕೂತರು. 1974ರಲ್ಲಿ ಅದೇ ಸಮುದಾಯದ ಇಬ್ಬರು ಅಣ್ಣತಮ್ಮಂದಿರು ಮೀಸಲು ಪ್ರದೇಶದ ಗಡಿಯಾಚೆ, ಹೆಪ್ಪುಗಟ್ಟಿದ ಚೀಫ್ ಲೇಕ್‌ನಲ್ಲಿ ಈಟಿಯಿಂದ ಮೀನು ಹಿಡಿದು ಬಂಧನಕ್ಕೊಳಗಾದರು. ಚೀಫ್ ಲೇಕ್ ಈ ಹಿನ್ನೀರಿನದೇ ಒಂದು ಭಾಗ. 1837 ಮತ್ತು 1842ರ ಒಪ್ಪಂದಗಳಲ್ಲಿ ನೆಲ ಬಿಟ್ಟುಕೊಡುವಾಗ ಬೇಟೆ, ಮೀನುಗಾರಿಕೆ, ಸಂಗ್ರಹದ ಹಕ್ಕನ್ನು ಅವರ ಹಿರಿಯರು ಉಳಿಸಿಕೊಂಡಿದ್ದರು. 1983ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ಹಕ್ಕು ಇನ್ನೂ ಜೀವಂತವಾಗಿದೆ ಎಂದಿತು. ಅದರ ನಂತರದ ವರ್ಷಗಳಲ್ಲಿ, ವಸಂತದ ರಾತ್ರಿಗಳಲ್ಲಿ ಈಟಿ ಹಿಡಿದು ಹೋದ ಓಜಿಬ್ವೆಗಳ ಮೇಲೆ ದೋಣಿಕಟ್ಟೆಗಳಲ್ಲಿ ಕಲ್ಲು ತೂರಿದ್ದೂ ಉಂಟು. ಮೀನು ಬರಿದಾಗುತ್ತದೆ ಎಂಬುದು ವಿರೋಧಿಗಳ ವಾದ. ಆದರೆ ಈಟಿಯಿಂದ ಹಿಡಿಯುವ ಮೀನಿಗೆ ಕೆರೆಕೆರೆಗೂ ಮಿತಿಯಿತ್ತು, ಹಿಡಿದ ಮೀನನ್ನು ದಡದಲ್ಲೇ ಎಣಿಸಲಾಗುತ್ತಿತ್ತು.

ಇಂದು ಮಸ್ಕಿ ಹಿಡಿಯುವವರಲ್ಲಿ ಹೆಚ್ಚಿನವರು ಅದನ್ನು ಅಳೆದು, ಫೋಟೋ ತೆಗೆದು, ಮತ್ತೆ ನೀರಿಗೇ ಬಿಡುತ್ತಾರೆ. ಅದು ಒಳ್ಳೆಯ ಪದ್ಧತಿಯೇ. ಅವರ ಕೈಯಲ್ಲಿರುವ ನಕ್ಷೆಯಲ್ಲಿ ದಿಬ್ಬ, ಬೊಡ್ಡೆ, ಹಳೆಯ ನದಿಪಾತ್ರ ಎಲ್ಲಕ್ಕೂ ಗುರುತಿರುತ್ತದೆ, ಮೀನು ಎಲ್ಲಿದ್ದೀತು ಎಂದು ತಿಳಿಯಲು. ಆ ಬೊಡ್ಡೆಗಳು ಮರವಾಗಿದ್ದಾಗ, ಆ ನದಿಯ ದಡದಲ್ಲಿ ಯಾರ ಮನೆಗಳಿದ್ದವು ಎಂಬುದೂ ಅದೇ ನಕ್ಷೆಯಲ್ಲಿ ಇರಬೇಕಾದ ವಿವರ.