ಮೂಗಿನ ಮಾನ, ಗದ್ದದ ಗೆರೆ

ಗದ್ದದ ಶಸ್ತ್ರಚಿಕಿತ್ಸೆಯ ವಿಚಾರ ಬಂದಾಗ ಪಕ್ಕದಿಂದ ತೆಗೆದ ಮುಖದ ಚಿತ್ರವೊಂದರ ಮೇಲೆ ಮೂಗಿನ ತುದಿಯಿಂದ ಗದ್ದದವರೆಗೆ ಗೆರೆಯೆಳೆದು ತೋರಿಸುವುದುಂಟು. ತುಟಿಗಳು ಆ ಗೆರೆಗಿಂತ ತುಸು ಒಳಗಿದ್ದರೆ ಮುಖಕ್ಕೆ ಸಮತೋಲವಿದೆ ಎಂದರ್ಥ. ಗೆರೆಯನ್ನು ದಾಟಿದ್ದರೆ ಗದ್ದ ಹಿಂದೆ ಸರಿದಿರಬಹುದೆಂಬ ಅನುಮಾನ. ನೋವಿಲ್ಲದ, ರೋಗವಿಲ್ಲದ ಅಂಗವೊಂದು ಹೀಗೆ ಗೆರೆಯ ಬಲದಿಂದಲೇ ಕೊರತೆಯೆನಿಸಿಕೊಳ್ಳುತ್ತದೆ. ಆ ಗೆರೆ ಎಲ್ಲಿಂದ ಬಂತೆಂಬುದನ್ನು ತಿಳಿಯಲು ನಾವು ಮುಖದ ಶಸ್ತ್ರಚಿಕಿತ್ಸೆಯ ಚರಿತ್ರೆಯನ್ನು ಸ್ವಲ್ಪ ಹಿಂದಿನಿಂದಲೇ ನೋಡಬೇಕಾಗುತ್ತದೆ.

ಆ ಚರಿತ್ರೆಯ ಒಂದು ಮುಖ್ಯ ಅಧ್ಯಾಯ ಮೈಸೂರಿಗೂ ಪುಣೆಗೂ ಸೇರಿದ್ದು. 1794ರ ಅಕ್ಟೋಬರಿನಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ ಕಾವಸ್‌ಜಿ ಎಂಬ ಮರಾಠ ರೈತನ ಕಥೆಯನ್ನು ಚಿತ್ರಸಹಿತ ಪ್ರಕಟಿಸಿತು. 1792ರ ಯುದ್ಧದಲ್ಲಿ ಆತ ಇಂಗ್ಲಿಷ್ ಸೈನ್ಯದ ಎತ್ತುಗಳನ್ನು ಹೊಡೆಯುತ್ತಿದ್ದ. ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕು ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನೆಂದು ಆ ವರದಿ ಹೇಳುತ್ತದೆ. ಮೂಗು ಕೊಯ್ಯುವುದು ಆ ಕಾಲಕ್ಕೆ ಹೊಸತಾಗಿರಲಿಲ್ಲ. 17ನೆಯ ಶತಮಾನದಲ್ಲಿ ಮೈಸೂರಿಗೂ ಮಧುರೆಗೂ ನಡೆದ ಒಂದು ಕಾಳಗಕ್ಕೆ ‘ಮೂಗಿನ ಯುದ್ಧ’ವೆಂದೇ ಹೆಸರಾಗಿತ್ತು. ಮೂಗು ಹೋದರೆ ಮಾನವೂ ಹೋಯಿತೆಂಬುದು ಶಿಕ್ಷೆ ಕೊಟ್ಟವನಿಗೂ ಅನುಭವಿಸಿದವನಿಗೂ ಗೊತ್ತಿದ್ದ ಮಾತು.

ಸುಮಾರು ಒಂದು ವರ್ಷದ ಮೇಲೆ ಪುಣೆಯ ಬಳಿ ಇಟ್ಟಿಗೆ ಮಾಡುವ ಜಾತಿಯ ಒಬ್ಬ ಕುಶಲಿ ಕಾವಸ್‌ಜಿಗೆ ಹೊಸ ಮೂಗನ್ನು ಕಟ್ಟಿಕೊಟ್ಟ. ಮೇಣದ ತೆಳುಹಾಳೆಯನ್ನು ಉಳಿದಿದ್ದ ಮೊಂಡುಮೂಗಿನ ಮೇಲೆ ಕೂರಿಸಿ ಅಳತೆ ಹಿಡಿದ. ಅದನ್ನೇ ಹಣೆಯ ಮೇಲೆ ಚಪ್ಪಟೆಯಾಗಿ ಹರಡಿ ಗುರುತು ಹಾಕಿದ. ಅಷ್ಟು ಚರ್ಮವನ್ನು ಹುಬ್ಬುಗಳ ನಡುವೆ ಮಾತ್ರ ಅಂಟಿಕೊಂಡಿರುವಂತೆ ಬಿಡಿಸಿ, ತಿರುಚಿ ಕೆಳಗಿಳಿಸಿ, ಕಾಚಿನ ಅಂಟಿನಿಂದ ಕೂರಿಸಿದ. ಕೆನ್ನೆಯ ಚರ್ಮದಿಂದ ಮೂಗು ಕಟ್ಟುವ ಕ್ರಮ ಸುಶ್ರುತ ಸಂಹಿತೆಯಲ್ಲಿದೆ. ಪುಣೆಯ ವರದಿಯನ್ನು ಓದಿದ ಜೋಸೆಫ್ ಕಾರ್ಪ್ಯೂ 1814ರಲ್ಲಿ ಲಂಡನ್ನಿನಲ್ಲಿ ಇದನ್ನು ಮಾಡಿ ತೋರಿಸಿದ ಮೇಲೆ ಯೂರೋಪಿಗೆ ಈ ವಿದ್ಯೆ ಹರಡಿತು. ಇಲ್ಲಿ ನಾವು ಗಮನಿಸಬೇಕಾದ ಸಂಗತಿ ಒಂದೇ: ಆ ಕುಶಲಿ ಅಳತೆ ತೆಗೆದುಕೊಂಡದ್ದು ಕಾವಸ್‌ಜಿಯ ಮುಖದಿಂದಲೇ.

ಅದೇ ಕಾಲದ ಯೂರೋಪಿನಲ್ಲಿ ಇನ್ನೊಂದು ಬಗೆಯ ಅಳತೆ ಹುಟ್ಟಿಕೊಂಡಿತ್ತು. ಡಚ್ ಅಂಗರಚನಾ ಶಾಸ್ತ್ರಜ್ಞ ಪೆಟ್ರಸ್ ಕ್ಯಾಂಪರ್ ಪಾರ್ಶ್ವಮುಖವನ್ನು ಕೋನದಿಂದ ಅಳೆದ. ಕೋತಿಯಿಂದ ಮೊದಲಾಗಿ ಆಫ್ರಿಕದವರನ್ನೂ ಯೂರೋಪಿನವರನ್ನೂ ದಾಟಿ ಸಾಗಿದ ಅವನ ಸಾಲಿನ ತುದಿಯಲ್ಲಿದ್ದುದು ಗ್ರೀಕ್ ಶಿಲ್ಪ. ಅದಕ್ಕೆ 100 ಡಿಗ್ರಿ. ಬದುಕಿರುವ ಯಾವ ಮನುಷ್ಯನಿಗೂ ಇಲ್ಲದ ಕೋನವು ಹೀಗೆ ಎಲ್ಲರಿಗೂ ಆದರ್ಶವಾಯಿತು. ಮುಖ ನೋಡಿ ಗುಣ ಹೇಳುವ ಲಾವಾಟರನ ಶಾಸ್ತ್ರವೂ ಆಗ ಜನಪ್ರಿಯವಾಗಿತ್ತು. 1831ರಲ್ಲಿ ಡಾರ್ವಿನ್ನನ ಮೂಗನ್ನು ಕಂಡ ಬೀಗಲ್ ಹಡಗಿನ ಕಪ್ತಾನ ಫಿಟ್ಜ್‌ರಾಯ್, ಇಂಥ ಮೂಗಿನವನಿಗೆ ಪಯಣಕ್ಕೆ ಬೇಕಾದ ಛಲವಿದ್ದೀತೇ ಎಂದು ಶಂಕಿಸಿದ್ದನ್ನು ಡಾರ್ವಿನ್ನನೇ ಬರೆದಿಟ್ಟಿದ್ದಾನೆ. ನಮ್ಮ ದೇಶಕ್ಕೆ ಈ ಅಳತೆಗೋಲು ಸರ್ಕಾರಿ ಕಡತದ ಮೂಲಕ ಬಂತು. 1901ರ ಜನಗಣತಿಯ ಆಯುಕ್ತ ಹರ್ಬರ್ಟ್ ರಿಸ್ಲಿ ಮೂಗಿನ ಅಗಲ ಹೆಚ್ಚಿದಷ್ಟೂ ಜಾತಿಯ ಸ್ಥಾನ ಕೆಳಗೆಂದು ವಾದಿಸಿದವನು.

ಅಳೆಯುವುದು ಮತ್ತು ಕೊಯ್ಯುವುದು ಬರ್ಲಿನ್ನಿನ ಜಾಕ್ ಜೋಸೆಫನಲ್ಲಿ ಒಂದಾದವು. 1896ರಲ್ಲಿ ಬಾಲಕನೊಬ್ಬನ ಚಾಚಿದ ಕಿವಿಗಳನ್ನು ಸರಿಪಡಿಸಿದ್ದಕ್ಕೆ ಆತ ಕೆಲಸ ಕಳೆದುಕೊಂಡ. 1898ರಲ್ಲಿ ದೊಡ್ಡ ಮೂಗನ್ನು ಕಿರಿದುಗೊಳಿಸಿ ಹೆಸರಾದ. ಸ್ವತಃ ಯೆಹೂದಿಯಾಗಿದ್ದ ಅವನ ಬಳಿಗೆ ಯೆಹೂದಿಗಳೂ ಬಹಳ ಮಂದಿ ಬರುತ್ತಿದ್ದರು. ಚೆಲುವಿಗಿಂತ ಹೆಚ್ಚಾಗಿ, ಬೀದಿಯಲ್ಲಿ ಯಾರೂ ತಮ್ಮನ್ನು ಗುರುತಿಸದಿರಲಿ ಎಂಬುದು ಹಲವರ ಬೇಡಿಕೆಯಾಗಿತ್ತು. ಕಾವಸ್‌ಜಿ ತನ್ನ ಮುಖವನ್ನು ಮರಳಿ ಪಡೆಯಲು ಹೋದ. ಇವರು ತಮ್ಮ ಮುಖವನ್ನು ಮರೆಸಲು ಹೋದರು.

ಗದ್ದದ ಸರದಿ ಬಂದದ್ದು ತಡವಾಗಿ. 1942ರಲ್ಲಿ ಒಟ್ಟೊ ಹೋಫರ್, ಕೆಳಹಲ್ಲುಗಳ ಬೇರಿಗಿಂತ ಕೆಳಗೆ ಮೂಳೆಯನ್ನು ಅಡ್ಡವಾಗಿ ಕೊಯ್ದು ಮುಂದೆ ಸರಿಸುವ ಕ್ರಮವನ್ನು ಶವದ ಮೇಲೆ ತೋರಿಸಿದ. 1957ರಲ್ಲಿ ಟ್ರೌನರ್ ಮತ್ತು ಓಬ್ವೆಗೇಸರ್ ಅದನ್ನು ಬಾಯಿಯೊಳಗಿನಿಂದಲೇ ಮಾಡುವ ದಾರಿಯನ್ನು ಪ್ರಕಟಿಸಿದರು. ಹೊರಗೆ ಕಲೆ ಉಳಿಯುವ ಭಯ ತಪ್ಪಿತು. ನಾವು ಆರಂಭದಲ್ಲಿ ಹೇಳಿದ ಗೆರೆಯೂ ಅದೇ 1957ರದು. ಅದು ಅಮೆರಿಕದ ದಂತವೈದ್ಯ ರಾಬರ್ಟ್ ರಿಕೆಟ್ಸ್‌ನದು. ಅವನು ಆಧಾರವಾಗಿಸಿಕೊಂಡದ್ದು ಮುಖ್ಯವಾಗಿ ಬಿಳಿಯರ ಮುಖಗಳನ್ನು. ತುಟಿಗಳು ಸಹಜವಾಗಿಯೇ ತುಂಬಿಕೊಂಡಿರುವ ಜನರಿಗೆ ಬೇರೆ ಮಾನದಂಡ ಬೇಕೆಂದು ದಂತವೈದ್ಯರೇ ಬಳಿಕ ಒಪ್ಪಿಕೊಂಡಿದ್ದಾರೆ.

ಗದ್ದವನ್ನು ತಿದ್ದಿಸಿಕೊಳ್ಳಲು ಹೊರಟವರನ್ನು ಹಗುರವಾಗಿ ಕಾಣುವುದು ನಮ್ಮ ಉದ್ದೇಶವಲ್ಲ. ದವಡೆ ಕೂಡದೆ ಅಗಿಯಲಾಗದವರಿಗೆ, ನಿದ್ದೆಯಲ್ಲಿ ಉಸಿರುಕಟ್ಟುವವರಿಗೆ ದವಡೆಯ ಶಸ್ತ್ರಚಿಕಿತ್ಸೆ ನಿಜವಾದ ಉಪಕಾರವನ್ನೇ ಮಾಡಿದೆ. ಮುಖದ ಕಾರಣಕ್ಕೆ ಸಭೆ ಸಮಾರಂಭಗಳಿಂದ ದೂರವುಳಿಯುವವರ ಸಂಕಟವೂ ಸುಳ್ಳಲ್ಲ. ಆದರೆ ಗದ್ದದ ಮೂಳೆಯ ಬದಿಯಲ್ಲೇ ಕೆಳತುಟಿಗೆ ಹೋಗುವ ನರವಿದೆ. ಅದಕ್ಕೆ ಪೆಟ್ಟಾದರೆ ತುಟಿ ಜೋಮುಗಟ್ಟಿಯೇ ಉಳಿಯಬಹುದು. ಅಂಥದ್ದಕ್ಕೆ ಒಪ್ಪಿಗೆಯ ಸಹಿ ಹಾಕುವ ಮುನ್ನ, ಚಿತ್ರದ ಮೇಲಿನ ಗೆರೆಯನ್ನು ಯಾರ ಮುಖದಿಂದ ಅಳೆದು ತಂದದ್ದೆಂದು ವೈದ್ಯರನ್ನು ಕೇಳುವ ಹಕ್ಕು ನಮಗಿದೆ. ಪುಣೆಯ ಆ ಕುಶಲಿಗೆ ಈ ಪ್ರಶ್ನೆ ಹಾಕಿದ್ದರೆ, ಕೈಯಲ್ಲಿದ್ದ ಮೇಣದ ಹಾಳೆಯನ್ನೇ ತೋರಿಸುತ್ತಿದ್ದ.